ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತೆ?

ತಲೆ ನೋಯುತ್ತೆ. ಒಂದು ಮಾತ್ರೆ ನುಂಗುತ್ತೀವಿ. ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯುತ್ತೆ. ಮಾರನೇ ದಿನ ಮಂಡಿ ನೋಯುತ್ತೆ. ಅದೇ ಮಾತ್ರೆ ನುಂಗುತ್ತೀವಿ. ಮಂಡಿ ನೋವೂ ಇಳಿಯುತ್ತೆ.

ನಿನ್ನೆ ತಲೆಗೆ ಹೋಗು, ಇವತ್ತು ಮಂಡಿಗೆ ಹೋಗು ಅಂತ ಮಾತ್ರೆಗೆ ಯಾರು ಹೇಳಿದರು?

ಯಾರೂ ಹೇಳಲಿಲ್ಲ. ಮಾತ್ರೆಗೆ ನೋವು ಎಲ್ಲಿದೆ ಅಂತ ಗೊತ್ತೇ ಇಲ್ಲ. ಅದು ಎರಡು ದಿನವೂ ತಲೆಗೆ ಹೋಯಿತು, ಮಂಡಿಗೂ ಹೋಯಿತು. ಹೊಟ್ಟೆಗೆ, ಎದೆಗೆ, ಕಿಡ್ನಿಗೆ, ಕಾಲಿನ ಕಿರುಬೆರಳಿಗೆ, ಎಲ್ಲ ಕಡೆಗೂ ಹೋಯಿತು. ನೋವಿದ್ದ ಕಡೆ ಅದು ಮಾಡಿದ ಕೆಲಸ ನಮಗೆ ತಿಳಿಯಿತು. ಮಿಕ್ಕ ಕಡೆ ಏನು ಮಾಡಿತು ಅನ್ನೋದು ತಿಳಿಯಲಿಲ್ಲ, ಅಷ್ಟೆ.

ಹಾಸನದ ಮೆಡಿಕಲ್ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರು, ನರ್ಸಿಂಗ್ ಓದುವವರು, ಔಷಧಿ ಅಂಗಡಿ ಇಡಲು ಫಾರ್ಮಸಿ ಓದುವವರು, ಎಲ್ಲರಿಗೂ ಇದರ ಬಗ್ಗೆ ಒಂದು ಪಾಠ ಇದೆ. ಅದಕ್ಕೆ ಔಷಧ ವಿಜ್ಞಾನ ಅಂತ ಹೆಸರು. ಪುಸ್ತಕ ದಪ್ಪ. ಆದರೆ ಅದರ ಬುಡದಲ್ಲಿ ಇರೋದು ಎರಡೇ ಪ್ರಶ್ನೆ. ಔಷಧಿ ನಮ್ಮ ಮೈಗೆ ಏನು ಮಾಡುತ್ತೆ? ನಮ್ಮ ಮೈ ಆ ಔಷಧಿಗೆ ಏನು ಮಾಡುತ್ತೆ? ಮಾತ್ರೆ ನುಂಗುವ ಎಲ್ಲರಿಗೂ ಈ ಎರಡು ಪ್ರಶ್ನೆ ಬೇಕಾದವೇ. ಬನ್ನಿ, ನೋಡೋಣ.

ಸುಂಕದ ಕಟ್ಟೆ

ಮಾತ್ರೆ ಬಾಯಿಂದ ಹೊಟ್ಟೆಗೆ ಇಳಿಯುತ್ತೆ. ಅಲ್ಲಿ ಕರಗುತ್ತೆ. ಅಲ್ಲಿಂದ ಸಣ್ಣ ಕರುಳಿಗೆ ಹೋಗುತ್ತೆ. ಸಣ್ಣ ಕರುಳಿನ ಗೋಡೆ ಅದನ್ನು ಹೀರಿಕೊಂಡು ರಕ್ತಕ್ಕೆ ಬಿಡುತ್ತೆ. ಊಟ ಹೇಗೆ ರಕ್ತಕ್ಕೆ ಸೇರುತ್ತೋ ಹಾಗೇ.

ಕರುಳಿನಿಂದ ಹೊರಟ ರಕ್ತ ನೇರ ಎದೆಗೆ ಹೋಗಲ್ಲ. ಮೊದಲು ಲಿವರ್‌ಗೆ ಹೋಗುತ್ತೆ. ಪುಸ್ತಕದಲ್ಲಿ ಇದಕ್ಕೆ ಪಿತ್ತಜನಕಾಂಗ ಅಂತ ಬರೆಯುತ್ತಾರೆ. ಹಿಂದೆ ಊರ ಬಾಗಿಲಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಹೊರಗಿನ ಸಾಮಾನು ಒಳಗೆ ಬರಬೇಕಾದರೆ ಸುಂಕ ಕೊಡಬೇಕಿತ್ತು. ಲಿವರ್ ಅಂಥ ಸುಂಕದ ಕಟ್ಟೆ. ಬಂದ ಔಷಧಿಯಲ್ಲಿ ಒಂದು ಪಾಲನ್ನು ಅಲ್ಲೇ ಒಡೆದು ಹಾಕುತ್ತೆ. ಉಳಿದದ್ದನ್ನು ಒಳಗೆ ಬಿಡುತ್ತೆ.

ಕೆಲವು ಔಷಧಿಗೆ ಈ ಸುಂಕ ಬಹಳ ಜಾಸ್ತಿ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ನೋಡಿದ್ದೀರಲ್ಲ? ನುಂಗಿದರೆ ಅದರ ಬಹುಪಾಲು ಲಿವರ್‌ನಲ್ಲೇ ಮುಗಿದುಹೋಗುತ್ತೆ. ನಾಲಿಗೆ ಕೆಳಗಿನ ರಕ್ತನಾಳಗಳು ಲಿವರ್ ದಾರಿ ಹಿಡಿಯದೆ ಎದೆ ಕಡೆಗೆ ಹೋಗುತ್ತವೆ. ಅದಕ್ಕೇ ಅಲ್ಲಿ ಇಡು ಅನ್ನೋದು. ಗಾಬರಿಯಲ್ಲಿ ನೀರು ಕುಡಿದು ನುಂಗಿಬಿಟ್ಟರೆ ಬೇಕಾದ ಹೊತ್ತಿಗೆ ಅದು ಕೆಲಸಕ್ಕೆ ಬರಲ್ಲ.

ಇಂಜೆಕ್ಷನ್ನೂ ಹೀಗೆ ಇನ್ನೊಂದು ದಾರಿ. ಅದರಲ್ಲಿ ಬೇರೆ ಮಹಿಮೆ ಇಲ್ಲ.

"ಮಾತ್ರೆ ಬ್ಯಾಡ ಡಾಕ್ಟ್ರೆ, ಒಂದ್ ಸೂಜಿ ಹಾಕ್ಬುಡಿ. ಸೂಜಿ ಹಾಕುದ್ರೇನೆ ನಂಗೆ ವಾಸಿ ಆಗೋದು."

ಈ ಮಾತು ನಮ್ಮ ಕಡೆ ಎಲ್ಲ ಆಸ್ಪತ್ರೆಯಲ್ಲೂ ದಿನಾ ಕೇಳುತ್ತೆ. ವಾಂತಿ ಆಗುತ್ತಿದ್ದರೆ, ಎಚ್ಚರ ತಪ್ಪಿದ್ದರೆ, ಬೇಗ ಕೆಲಸ ಆಗಬೇಕಿದ್ದರೆ, ಇಲ್ಲವೇ ಆ ಔಷಧಿ ಬಾಯಿಂದ ಕೊಟ್ಟರೆ ಹಿಡಿಯದಿದ್ದರೆ ಇಂಜೆಕ್ಷನ್ ಬೇಕು. ಸಾಧಾರಣ ಜ್ವರಕ್ಕೆ ಮಾತ್ರೆ ಸಾಕು. ಚುಚ್ಚಿದ ಔಷಧಿಯನ್ನು ವಾಪಸ್ ತೆಗೆಯೋಕೆ ಆಗಲ್ಲ ಅನ್ನೋದೂ ನೆನಪಿರಲಿ.

ಗೊರೂರು ಡ್ಯಾಮಿನ ಲೆಕ್ಕ

ಈಗ ಔಷಧಿ ರಕ್ತಕ್ಕೆ ಸೇರಿತು. ಮುಂದಿನದು ತಿಳಿಯೋಕೆ ಕಟ್ಟಾಯ ಹೋಬಳಿಯವರು ದೂರ ಹೋಗಬೇಕಾಗಿಲ್ಲ. ಗೊರೂರಿನ ಹೇಮಾವತಿ ಡ್ಯಾಮು ನೆನಪು ಮಾಡಿಕೊಂಡರೆ ಸಾಕು.

ಡ್ಯಾಮಿಗೆ ಮೂಡಿಗೆರೆ, ಸಕಲೇಶಪುರದ ಕಡೆಯಿಂದ ನೀರು ಬರುತ್ತೆ. ಇದು ಒಳಹರಿವು. ನಾಲೆಗೆ, ಹೊಳೆಗೆ ನೀರು ಹೋಗುತ್ತೆ. ಇದು ಹೊರಹರಿವು. ಡ್ಯಾಮು ತುಂಬಿದಾಗಿನ ಮಟ್ಟ 2922 ಅಡಿ. ನೀರು ಬಹಳ ಕೆಳಗೆ ಇಳಿದರೆ ನಾಲೆಯ ತೂಬಿಗೆ ನೀರೇ ಎಟುಕಲ್ಲ. ಡ್ಯಾಮಿನಲ್ಲಿ ನೀರು ಇದ್ದರೂ ಗದ್ದೆಗೆ ಬರಲ್ಲ. ಮೇಲಿನ ಮಟ್ಟ ಮುಟ್ಟಿದ ಮೇಲೂ ಒಳಹರಿವು ಜೋರಾಗಿದ್ದರೆ ಗೇಟು ಎತ್ತಲೇಬೇಕು. ಆಗ ಕೆಳಗೆ ಹೊಳೆನರಸೀಪುರದ ಹೊಳೆದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ.

ರಕ್ತದಲ್ಲಿ ಔಷಧಿಗೂ ಹೀಗೆ ಎರಡು ಗೆರೆ ಇವೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಔಷಧಿ ಇದ್ದೂ ಇಲ್ಲದ ಹಾಗೆ. ಮೇಲಿನ ಗೆರೆ ದಾಟಿದರೆ ಅದೇ ಔಷಧಿ ವಿಷ. ಎರಡು ಗೆರೆಗಳ ನಡುವೆ ಇದ್ದರೆ ಗುಣ.

ಇಲ್ಲಿ ಹೊರಹರಿವು ಯಾವುದು? ಲಿವರ್ ಮತ್ತು ಕಿಡ್ನಿ. ರಕ್ತ ಸುತ್ತಿ ಸುತ್ತಿ ಬಂದ ಹಾಗೆಲ್ಲ ಲಿವರ್ ಔಷಧಿಯನ್ನು ಒಡೆಯುತ್ತೆ. ಕಿಡ್ನಿ ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅಂದರೆ ಮಾತ್ರೆ ನುಂಗಿದ ಗಳಿಗೆಯಿಂದಲೇ ಮೈ ಅದನ್ನು ಆಚೆ ಕಳಿಸೋ ಕೆಲಸ ಶುರು ಮಾಡುತ್ತೆ.

ಒಂದು ಲೆಕ್ಕ ಮಾಡೋಣ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆ ಗೊತ್ತಲ್ಲ? ಇದು ರಕ್ತದಲ್ಲಿ ಸುಮಾರು ಎರಡೂವರೆ ಗಂಟೆಗೆ ಅರ್ಧ ಆಗುತ್ತೆ. 500 ಇತ್ತು ಅನ್ನಿ. ಎರಡೂವರೆ ಗಂಟೆ ಆದ ಮೇಲೆ 250. ಐದು ಗಂಟೆಗೆ 125. ಏಳೂವರೆ ಗಂಟೆಗೆ ಸುಮಾರು 62. ಅಷ್ಟು ಹೊತ್ತಿಗೆ ಜ್ವರ ಇನ್ನೂ ಇದ್ದರೆ ಮತ್ತೆ ಏರುತ್ತೆ. ಅದಕ್ಕೇ ಈ ಮಾತ್ರೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಬರೆಯುತ್ತಾರೆ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಅರ್ಧ ಇಳಿಯೋಕೆ ಒಂದೂವರೆ ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಅದು ದಿನಕ್ಕೆ ಒಂದೇ ಸಾಕು. ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಚೀಟಿಯಲ್ಲಿ 1-0-1, 1-1-1 ಅಂತ ಬರೆಯೋದು ಡಾಕ್ಟರ ಮನಸ್ಸಿಗೆ ಬಂದ ಹಾಗಲ್ಲ. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಬೆಳಿಗ್ಗೆ ಮರೆತವರು ರಾತ್ರಿ ಎರಡು ಒಟ್ಟಿಗೆ ನುಂಗಬಾರದು. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಬೇಸಿಗೆಯಲ್ಲಿ ಬರದಿದ್ದ ನೀರನ್ನು ಮಳೆಗಾಲದಲ್ಲಿ ಎರಡರಷ್ಟು ಬಿಟ್ಟರೆ ಗದ್ದೆ ಉಳಿಯುತ್ತದೆಯೇ?

ವಯಸ್ಸಾದವರಿಗೆ, ಕಿಡ್ನಿ ಕಾಯಿಲೆ ಇರುವವರಿಗೆ ಹೊರಹರಿವು ನಿಧಾನ. ಮಗ ನುಂಗುವಷ್ಟೇ ಔಷಧಿ ಅಪ್ಪ ನುಂಗಿದರೆ ಅಪ್ಪನ ಮೈಯಲ್ಲಿ ಮಟ್ಟ ಏರುತ್ತಾ ಹೋಗುತ್ತೆ. "ನಂಗೂ ಸಕ್ಕರೆ ಕಾಯ್ಲೆ, ನಿಂಗೂ ಸಕ್ಕರೆ ಕಾಯ್ಲೆ. ನಿನ್ ಮಾತ್ರೇನೆ ಎರಡು ಕೊಡು ಭಾವ" ಅನ್ನೋದು ಇಲ್ಲೇ ತಪ್ಪುತ್ತೆ. ಇಬ್ಬರ ಕಾಯಿಲೆ ಒಂದೇ ಇರಬಹುದು. ಇಬ್ಬರ ಕಿಡ್ನಿ ಒಂದೇ ಅಲ್ಲ.

ಲೀಟರಿಗೆ ಎಷ್ಟು ಗ್ರಾಂ?

ನಮ್ಮಲ್ಲಿ ಒಂದು ಮಾತು ಇದೆ. ಆಲೂಗಡ್ಡೆ ಗಿಡಕ್ಕೆ ಹೊಡೆಯೋದಕ್ಕೂ ಔಷಧಿ ಅಂತೀವಿ, ಮನುಷ್ಯ ನುಂಗೋದಕ್ಕೂ ಔಷಧಿ ಅಂತೀವಿ. ಕೆಲವರಿಗೆ ಇದು ತಮಾಷೆ. ನನಗೇನೋ ಸರಿಯಾದ ಮಾತು ಅನ್ನಿಸುತ್ತೆ. ಹಾಸನದ ರೈತ ಆಲೂಗಡ್ಡೆಗೆ ಅಂಗಮಾರಿ ಬಿದ್ದಾಗ ಲೀಟರು ನೀರಿಗೆ 2 ಗ್ರಾಂ ಅಂತ ಪುಡಿ ತೂಗಿ ಹಾಕುತ್ತಾನೆ. ಕಡಿಮೆ ಹಾಕಿದರೆ ರೋಗ ಬಗ್ಗಲ್ಲ. ಜಾಸ್ತಿ ಹಾಕಿದರೆ ಎಲೆ ಸುಡುತ್ತೆ. ಗಿಡದ ವಿಷಯದಲ್ಲಿ ಇಷ್ಟು ಲೆಕ್ಕ ಇಟ್ಟವನು ತನ್ನ ಮಗುವಿನ ಜ್ವರಕ್ಕೆ "ಒಂದು ಚಮಚ ಹಾಕು" ಅನ್ನುತ್ತಾನೆ. ಯಾವ ಚಮಚ? ಯಾವ ಬಾಟಲಿ?

ಇದು ಸಣ್ಣ ಮಾತಲ್ಲ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ನೀರೌಷಧಿ ಮೂರು ಥರ ಸಿಗುತ್ತೆ. ಒಂದು ಸಿರಪ್‌ನಲ್ಲಿ 5 ಮಿಲಿಗೆ 125 ಮಿ.ಗ್ರಾಂ ಇರುತ್ತೆ. ಇನ್ನೊಂದರಲ್ಲಿ 5 ಮಿಲಿಗೆ 250. ಹಸುಗೂಸುಗಳಿಗೆ ಬರುವ ಹನಿ ಔಷಧಿ ಬಾಟಲಿ ಚಿಕ್ಕದು. ಆದರೆ ಅದರ 1 ಮಿಲಿಯಲ್ಲೇ 100 ಮಿ.ಗ್ರಾಂ ಇರುತ್ತೆ. ಸಣ್ಣ ಬಾಟಲಿ, ಖಾರ ಜಾಸ್ತಿ.

ಮಗುವಿಗೆ ತೂಕದ ಮೇಲೆ ಲೆಕ್ಕ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. 10 ಕಿಲೋ ಮಗುವಿಗೆ 100ರಿಂದ 150. ಮೊದಲ ಸಿರಪ್ ಆದರೆ 5 ಮಿಲಿ ಸರಿ. ಅದೇ ಅಳತೆಯಲ್ಲಿ ಹನಿ ಔಷಧಿ ಹಾಕಿದರೆ 500 ಮಿ.ಗ್ರಾಂ ಹೋಯಿತು. ಅದು ದೊಡ್ಡವರ ಒಂದು ಇಡೀ ಮಾತ್ರೆ. ಬಾಟಲಿ ಮೇಲೆ ಅಂಕಿ ಓದಿದ ತಾಯಿಗೆ ಈ ತಪ್ಪು ಆಗಲ್ಲ. ಬಾಟಲಿ ಜೊತೆ ಬರುವ ಗೆರೆ ಹಾಕಿದ ಮುಚ್ಚಳದಲ್ಲೇ ಅಳೆಯಬೇಕು. ಅಡುಗೆಮನೆ ಚಮಚ ಒಂದು ಮನೆಯದು ಒಂದು ಅಳತೆ.

ಕೆಮ್ಮಿನ ಸಿರಪ್ ಬೇರೆ ಕಥೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರ ಜಿಲ್ಲೆಯಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಆಗ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆಯೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಕೊಡಬೇಡಿ ಅಂತ ಹೇಳಿತು. ಅಷ್ಟು ಚಿಕ್ಕ ಮಕ್ಕಳಿಗೆ ಒಳ್ಳೆಯ ಸಿರಪ್ಪಿನಿಂದಲೂ ಹೇಳಿಕೊಳ್ಳುವ ಉಪಯೋಗ ಇಲ್ಲ.

ದೊಡ್ಡವರ ವಿಷಯಕ್ಕೆ ಬರೋಣ. ಪ್ಯಾರಾಸಿಟಮಾಲ್ ಒಳ್ಳೆ ಔಷಧಿ. ಲೆಕ್ಕದಲ್ಲಿದ್ದರೆ ತೊಂದರೆ ಕಡಿಮೆ. ಆರೋಗ್ಯವಾಗಿರುವ ದೊಡ್ಡವರಿಗೂ 24 ಗಂಟೆಯಲ್ಲಿ 4000 ಮಿ.ಗ್ರಾಂ ದಾಟಬಾರದು. ಅಂದರೆ 500ರ ಮಾತ್ರೆ ಎಂಟು. ಕುಡಿತ ಇರುವವರಿಗೆ, ತೂಕ ಕಡಿಮೆ ಇರುವವರಿಗೆ, ಲಿವರ್ ಕೆಟ್ಟವರಿಗೆ ಇನ್ನೂ ಕಡಿಮೆ. ಲಿವರ್ ಇದನ್ನು ಒಡೆಯುವಾಗ ಸ್ವಲ್ಪ ವಿಷದ ಅಂಶ ಹುಟ್ಟುತ್ತೆ. ಲಿವರ್‌ನಲ್ಲಿರುವ ಕಾವಲಿನ ವಸ್ತು ಅದನ್ನು ಹಿಡಿದು ಹಾಕುತ್ತೆ. ಮಾತ್ರೆ ಅತಿಯಾದರೆ ಕಾವಲು ಖಾಲಿ ಆಗುತ್ತೆ. ವಿಷ ಲಿವರನ್ನೇ ತಿನ್ನುತ್ತೆ. ಮೋಸ ಎಲ್ಲಿದೆ ಅಂದರೆ, ಮೊದಲ ಒಂದು ದಿನ ಹೆಚ್ಚಿಗೆ ಏನೂ ಕಾಣಲ್ಲ. ಬರೀ ವಾಕರಿಕೆ. "ಏನೂ ಆಗಿಲ್ಲ ಬುಡು" ಅಂತ ಸುಮ್ಮನಾಗುತ್ತಾರೆ. ಇದಕ್ಕೆ ಮದ್ದು ಇದೆ. ಆದರೆ ಎಂಟು ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತೆ. ಹಾಗಾಗಿ ಯಾರಾದರೂ ಒಟ್ಟಿಗೆ ಬಹಳ ಮಾತ್ರೆ ನುಂಗಿದ್ದು ಗೊತ್ತಾದರೆ ಚೆನ್ನಾಗಿದ್ದಾರೆ ಅಂತ ಕಾಣಿಸಿದರೂ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ, ಜ್ವರದ ಮಾತ್ರೆ ಅಂತ ಮೂರು ಬೇರೆ ಬೇರೆ ಹೆಸರಲ್ಲಿ ತಂದು ನುಂಗುತ್ತಾರೆ. ಎಷ್ಟೋ ಸಲ ಮೂರರಲ್ಲೂ ಪ್ಯಾರಾಸಿಟಮಾಲ್ ಇರುತ್ತೆ. ಕಂಪನಿ ಇಟ್ಟ ಹೆಸರು ಬೇರೆ, ಒಳಗಿನ ಔಷಧಿಯ ಹೆಸರು ಬೇರೆ. ಕೇಳಬೇಕಾದದ್ದು ಒಳಗಿನ ಹೆಸರು.

ಒಂದೇ ಬೀಗ, ಮೂರು ಮನೆ

ಔಷಧಿ ಮೈಗೆ ಏನು ಮಾಡುತ್ತೆ ಅನ್ನೋದು ಇನ್ನೊಂದು ಪ್ರಶ್ನೆ. ಮೈಯಲ್ಲಿ ಸಾವಿರಾರು ಸಣ್ಣ ಸಣ್ಣ ಬೀಗಗಳಿವೆ ಅಂತ ತಿಳಿಯಿರಿ. ಔಷಧಿ ಒಂದು ಬೀಗದಕೈ. ತನಗೆ ಹೊಂದುವ ಬೀಗ ಸಿಕ್ಕರೆ ತೆಗೆಯುತ್ತೆ, ಇಲ್ಲವೇ ಬೇರೆ ಕೈ ಹಾಕದ ಹಾಗೆ ಮುಚ್ಚುತ್ತೆ. ತೊಂದರೆ ಏನು ಅಂದರೆ ಒಂದೇ ಥರದ ಬೀಗ ಮೂರು ಮನೆಯಲ್ಲಿರುತ್ತೆ.

ಮಂಡಿ ನೋವಿನ ಮಾತ್ರೆ ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಥವು. ಗಾಯ ಆದ ಕಡೆ, ಊತ ಇರುವ ಕಡೆ ನಮ್ಮ ಮೈ ಒಂದು ವಸ್ತು ಮಾಡುತ್ತೆ. ಅದರಿಂದ ನೋವು ಗೊತ್ತಾಗುತ್ತೆ. ಈ ಮಾತ್ರೆಗಳು ಆ ವಸ್ತು ಹುಟ್ಟದ ಹಾಗೆ ತಡೆಯುತ್ತವೆ. ನೋವು ಇಳಿಯಿತು. ಆದರೆ ಅಂಥದೇ ವಸ್ತು ಹೊಟ್ಟೆಯ ಒಳಗೋಡೆಗೆ ಲೋಳೆ ಬಳಿದು ಹುಳಿಯಿಂದ ಕಾಪಾಡುತ್ತಿತ್ತು. ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲಿ ಅಂತ ನೋಡಿಕೊಳ್ಳುತ್ತಿತ್ತು. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಗೊತ್ತಿಲ್ಲ ಅಂದೆವಲ್ಲ? ಅಲ್ಲೂ ತಡೆಯಿತು. ಎರಡು ದಿನಕ್ಕೆ ಏನೂ ಆಗದೆ ಇರಬಹುದು. ಆರು ತಿಂಗಳು, ವರ್ಷ, ದಿನಾ ಗದ್ದೆ ಕೆಲಸಕ್ಕೆ ಮೊದಲು ಒಂದು ನುಂಗಿದರೆ? ಹೊಟ್ಟೆ ಹುಣ್ಣಾಗಿ ರಕ್ತ ಒಸರುತ್ತೆ. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತೆ. ಕಿಡ್ನಿ ಸದ್ದಿಲ್ಲದೆ ಸೋಲುತ್ತೆ.

ಈ ಡೈಕ್ಲೋಫೆನಾಕ್ ಮಾಡಿದ ಇನ್ನೊಂದು ಕೆಲಸ ಕೇಳಿ. ಹಿಂದೆ ದನ ಸತ್ತರೆ ರಣಹದ್ದು ಹಿಂಡು ಹಿಂಡಾಗಿ ಬರುತ್ತಿದ್ದವು. ಊರಿನ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಈಗ ಎಲ್ಲಿವೆ? ನೋವಿಗೆ ಅಂತ ದನಗಳಿಗೆ ಈ ಔಷಧಿ ಕೊಡುತ್ತಿದ್ದರು. ಆ ದನ ಸತ್ತಾಗ ಮಾಂಸ ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಅವು ಸಾಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ದೇಶದ ಕೆಲವು ಜಾತಿ ರಣಹದ್ದುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹೋಗಿಬಿಟ್ಟವು. ಕಾರಣ ಗೊತ್ತಾದ ಮೇಲೆ 2006ರಲ್ಲಿ ಸರ್ಕಾರ ದನಗಳಿಗೆ ಈ ಔಷಧಿ ಕೊಡೋದನ್ನು ನಿಷೇಧಿಸಿತು. ಉಳಿದ ಕೆಲವು ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ಶೋಲೆ ಸಿನಿಮಾ ತೆಗೆದರಲ್ಲ, ಅದೇ ಬೆಟ್ಟ. ಮನುಷ್ಯನಿಗೆ ನೋವು ಇಳಿಸೋದು ಹದ್ದಿಗೆ ಸಾವು. ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೀಲುನೋವಿಗೆ ಹೆಸರಿಲ್ಲದ ಬಿಡಿ ಮಾತ್ರೆ, ಪುಡಿ ಕಾಗದದಲ್ಲಿ ಕಟ್ಟಿ ಕೊಡುವವರೂ ಇದ್ದಾರೆ. ನುಂಗಿದ ದಿನವೇ ಎದ್ದು ಓಡಾಡುವ ಹಾಗಾದರೆ ಅನುಮಾನಪಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ಪ್ರಾಣ ಉಳಿಸೋ ಔಷಧಿಯೂ ಹೌದು. ಆದರೆ ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ನಮ್ಮ ಮೈ ತಾನೇ ಮಾಡಿಕೊಳ್ಳುತ್ತಿದ್ದ ಸ್ಟೀರಾಯ್ಡನ್ನು ನಿಲ್ಲಿಸಿಬಿಡುತ್ತೆ. ಹೊರಗಿನಿಂದ ಬರುತ್ತಿದೆಯಲ್ಲ, ನಾನು ಯಾಕೆ ಮಾಡಲಿ ಅಂತ. ಆಮೇಲೆ ದಿಢೀರ್ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬಿಡೋದೂ ಡಾಕ್ಟರ ಕೈಯಲ್ಲೇ, ನಿಧಾನಕ್ಕೆ.

ಕಾಫಿ ಮತ್ತು ಕಬ್ಬಿಣದ ಮಾತ್ರೆ

ನಮ್ಮ ಹಾಸನ ಕಾಫಿ ಜಿಲ್ಲೆ. ಎದ್ದ ಕೂಡಲೇ ಕಾಫಿ ಬೇಕು. ರಕ್ತ ಕಡಿಮೆ ಇರುವ ಬಸುರಿಗೆ ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ. ಅದು ಕೆಂಪು ಬಣ್ಣದ್ದು. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ನೀಲಿ, ಐದರಿಂದ ಒಂಬತ್ತರ ಮಕ್ಕಳಿಗೆ ಗುಲಾಬಿ. ಬಸುರಿ ಕಾಫಿ ಲೋಟದ ಜೊತೆಗೇ ಮಾತ್ರೆ ನುಂಗುತ್ತಾಳೆ. ತಿಂಗಳಾದರೂ ರಕ್ತ ಏರಲ್ಲ. "ಸರ್ಕಾರಿ ಮಾತ್ರೆ, ಅದ್ರಲ್ಲಿ ಏನೈತೆ?" ಅಂತ ಅತ್ತೆ ಅನ್ನುತ್ತಾರೆ.

ಮಾತ್ರೆಯಲ್ಲಿ ಕಬ್ಬಿಣ ಇದೆ. ಆದರೆ ಕಾಫಿ, ಟೀಯಲ್ಲಿರುವ ಒಗರು ಕಬ್ಬಿಣವನ್ನು ಕರುಳಲ್ಲೇ ಕಟ್ಟಿಹಾಕುತ್ತೆ. ಅದು ರಕ್ತಕ್ಕೆ ಸೇರಲ್ಲ, ಮಲದಲ್ಲಿ ಹೋಗುತ್ತೆ. ಹಾಲು, ಸುಣ್ಣದ ಮಾತ್ರೆ ಅಂದರೆ ಕ್ಯಾಲ್ಸಿಯಂ, ಇವೂ ತಡೆಯುತ್ತವೆ. ಕಾಫಿಗೂ ಕಬ್ಬಿಣಕ್ಕೂ ನಡುವೆ ಒಂದೆರಡು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಇರಲಿ. ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಕಬ್ಬಿಣ ಚೆನ್ನಾಗಿ ಹೀರುತ್ತೆ. ಮಲ ಸ್ವಲ್ಪ ಕಪ್ಪಗಾಗುತ್ತೆ, ಹೆದರಬೇಡಿ. ಇದು ಕಬ್ಬಿಣದ ಬಣ್ಣ.

ಆರು ತಿಂಗಳು ಯಾಕೆ?

ಕ್ಷಯಕ್ಕೆ, ಅಂದರೆ ಟಿ.ಬಿ.ಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ಊಟ ಸೇರುತ್ತೆ, ಮೈ ಬರುತ್ತೆ. ಆಗ ಬಿಟ್ಟುಬಿಡುವವರು ಬಹಳ. ಯಾಕೆ ಬಿಡಬಾರದು? ಟಿ.ಬಿ. ರೋಗಾಣುಗಳಲ್ಲಿ ಬೇಗ ಬೇಗ ಬೆಳೆಯುವವು ಮೊದಲು ಸಾಯುತ್ತವೆ. ಕೆಲವು ನಿದ್ದೆ ಮಾಡುವ ಹಾಗೆ ಮೂಲೆ ಸೇರಿರುತ್ತವೆ. ಅವನ್ನು ಕೊಲ್ಲೋಕೆ ಉಳಿದ ನಾಲ್ಕು ತಿಂಗಳು. ಅರ್ಧಕ್ಕೆ ಬಿಟ್ಟರೆ ಉಳಿದ ಗಟ್ಟಿ ರೋಗಾಣು ಮತ್ತೆ ಬೆಳೆಯುತ್ತೆ. ಆಮೇಲೆ ಹಳೇ ಮಾತ್ರೆ ಅದಕ್ಕೆ ನಾಟಲ್ಲ. ಆ ಗಟ್ಟಿ ರೋಗಾಣು ಮನೆಯ ಮಕ್ಕಳಿಗೂ ಅಂಟುತ್ತೆ. ಟಿ.ಬಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಳ್ಳೆ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿ ಮಾಡಿದರು.

ಈ ಮಾತ್ರೆಗಳಲ್ಲಿ ರಿಫಾಂಪಿಸಿನ್ ಅಂತ ಒಂದಿದೆ. ಅದು ಮೂತ್ರಕ್ಕೆ, ಬೆವರಿಗೆ, ಕಣ್ಣೀರಿಗೂ ಕಿತ್ತಳೆ ಕೆಂಪು ಬಣ್ಣ ಕೊಡುತ್ತೆ. ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆ ಬಿಡಬೇಡಿ. ಆದರೆ ಕಣ್ಣು, ಮೈ ಹಳದಿ ಆದರೆ, ಊಟ ಸೇರದೆ ವಾಂತಿ ಆದರೆ ಕೂಡಲೇ ಆಸ್ಪತ್ರೆಗೆ ತೋರಿಸಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಇದನ್ನು ಎಷ್ಟೋ ಸಲ ಯಾರೂ ಬಿಡಿಸಿ ಹೇಳಲ್ಲ. ರಿಫಾಂಪಿಸಿನ್ ಸುಂಕದ ಕಟ್ಟೆಯಲ್ಲಿ ಆಳುಗಳನ್ನು ಹೆಚ್ಚಿಸುತ್ತೆ. ಲಿವರ್ ಬೇರೆ ಔಷಧಿಗಳನ್ನೂ ಬೇಗ ಬೇಗ ಒಡೆಯುತ್ತೆ. ಮಾಲಾ-ಎನ್, ಮಾಲಾ-ಡಿ ಅಂಥ ಗರ್ಭ ತಡೆಯುವ ಮಾತ್ರೆಯ ಮಟ್ಟ ಕೆಳಗಿನ ಗೆರೆಗಿಂತ ಇಳಿದುಹೋಗುತ್ತೆ. ದಿನಾ ತಪ್ಪದೆ ನುಂಗಿದರೂ ಬಸುರಾಗಬಹುದು. ಟಿ.ಬಿ. ಮಾತ್ರೆ ನಡೆಯುವಾಗ ಬೇರೆ ದಾರಿ ಯಾವುದು ಅಂತ ನರ್ಸಮ್ಮನನ್ನು ಕೇಳಿ. ನಾಚಿಕೆಪಟ್ಟುಕೊಳ್ಳೋ ವಿಷಯ ಅಲ್ಲ ಇದು.

ಹಾಸನದ ಎದೆನೋವು

2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ದಿನಾ ಬರುತ್ತಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯಾಘಾತ ವಿಚಿತ್ರವಾಗಿ ಏನೂ ಹೆಚ್ಚಿಲ್ಲ ಅಂತ ಸಮಿತಿ ಜುಲೈನಲ್ಲಿ ಹೇಳಿತು. ಕಾರಣಗಳು ಗೊತ್ತಿದ್ದವೇ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಬೊಜ್ಜು.

ಹೊಸ ರೋಗ ಅಲ್ಲ ಅಂತ ಕೇಳಿ ಕೆಲವರು ನಿಟ್ಟುಸಿರು ಬಿಟ್ಟರು. ನನಗೆ ಅದರಲ್ಲಿ ಸಮಾಧಾನ ಕಾಣಲಿಲ್ಲ. ಬಿ.ಪಿ.ಗೆ ಮಾತ್ರೆ ನಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತೆ. ಆದರೂ ಜನ ನುಂಗಲ್ಲ. "ಮೊನ್ನೆ ನೋಡುದ್ರು, ಬಿ.ಪಿ. ಸರಿ ಐತೆ ಅಂದ್ರು. ಅದ್ಕೆ ಮಾತ್ರೆ ಬುಟ್ಬುಟ್ಟೆ." ಸರಿ ಇದ್ದದ್ದು ಮಾತ್ರೆಯಿಂದ. ಈ ಮಾತ್ರೆ ಬಿ.ಪಿ.ಯ ಬೇರು ಕೀಳಲ್ಲ. ರಕ್ತನಾಳವನ್ನು ಸಡಿಲ ಮಾಡಿ ಒತ್ತಡ ಇಳಿಸುತ್ತೆ, ಅಷ್ಟೆ. ಮೈಯಿಂದ ಆಚೆ ಹೋದ ಮೇಲೆ ಒತ್ತಡ ಮತ್ತೆ ಏರುತ್ತೆ. ಏರಿದ್ದು ಗೊತ್ತೂ ಆಗಲ್ಲ. ತಲೆ ಸುತ್ತಲ್ಲ, ನೋವಿಲ್ಲ.

ಬಿ.ಪಿ. ಔಷಧಿಯಲ್ಲಿ ನಮ್ಮ ನಾಡಿನ ಗಿಡದ್ದೂ ಒಂದು ಪಾಲಿದೆ. ಘಟ್ಟದ ಕಾಡಿನಲ್ಲಿ ಸರ್ಪಗಂಧ ಬೆಳೆಯುತ್ತೆ. ಇದರ ಬೇರು ಬಿ.ಪಿ. ಇಳಿಸುತ್ತೆ ಅಂತ 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ವೈದ್ಯರ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರ ಸಾರ ಬೇರೆ ಮಾಡಿದರು. ಬಹಳ ವರ್ಷ ಜಗತ್ತೆಲ್ಲ ಅದನ್ನು ನುಂಗಿತು. ಆದರೆ ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗುತ್ತೆ ಅಂತ ಕಂಡುಬಂತು. ಆಮೇಲೆ ಬೇರೆ ಮಾತ್ರೆಗಳು ಬಂದವು. "ಬೇರು ನಾರು ತಾನೆ, ಏನೂ ಆಗಲ್ಲ" ಅನ್ನುವವರಿಗೆ ಈ ಕಥೆ ಹೇಳಿ. ಬೇರಿನಲ್ಲಿ ಔಷಧಿ ಇದ್ದರೆ ಅದಕ್ಕೂ ಎರಡು ಗೆರೆ ಇರುತ್ತೆ.

ಹೃದಯಾಘಾತ ಆದಾಗ ಏನಾಗುತ್ತೆ? ಎದೆಯ ಮಾಂಸಕ್ಕೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿಕೊಳ್ಳುತ್ತೆ. ನಾಲೆಗೆ ಕಸ ಅಡ್ಡ ಬಿದ್ದ ಹಾಗೆ. ಮುಂದಿನ ಗದ್ದೆ ಒಣಗುತ್ತೆ. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಟೆನೆಕ್ಟೆಪ್ಲೇಸ್ ಅಂತ ಹೆಸರು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇದನ್ನು ಪುಕ್ಕಟೆ ಕೊಡುವ ಏರ್ಪಾಡು ಮಾಡಿದರು. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕಳಿಸುತ್ತಾರೆ. ಅವರು ನೋಡಿ ಹೇಳಿದ ಮೇಲೆ ಇಂಜೆಕ್ಷನ್. ಎಲ್ಲರಿಗೂ ಇದು ಆಗಲ್ಲ. ತಲೆಯಲ್ಲಿ ರಕ್ತ ಸೋರಿದವರಿಗೆ, ಹೊಸದಾಗಿ ಆಪರೇಷನ್ ಆದವರಿಗೆ ಕೊಡಲ್ಲ. ಹೆಪ್ಪು ಕರಗಿಸೋ ಔಷಧಿಗೂ ಯಾವ ಹೆಪ್ಪು ಅಂತ ಗೊತ್ತಿಲ್ಲವಲ್ಲ.

ಈ ಇಂಜೆಕ್ಷನ್ನಿಗೆ ಹೊತ್ತು ಬಹಳ ಮುಖ್ಯ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಎದೆಯ ಮಾಂಸ ಬಹಳಷ್ಟು ಉಳಿಯುತ್ತೆ. ಹನ್ನೆರಡು ಗಂಟೆ ಕಳೆದರೆ ಉಪಯೋಗ ತೀರ ಕಡಿಮೆ. ಎದೆ ಹಿಂಡಿದ ಹಾಗೆ ಆಗಿ, ನೋವು ಎಡಗೈಗೋ ದವಡೆಗೋ ಬಂದು, ಬೆವರು ಕಿತ್ತರೆ "ಗ್ಯಾಸು ಕಣೋ, ಒಂಚೂರು ಸೋಡಾ ಕುಡಿ" ಅಂತ ರಾತ್ರಿ ಕಳೆಯಬೇಡಿ. 108ಕ್ಕೆ ಫೋನು ಮಾಡಿ. ಅವರು ಹೇಳಿದರೆ ಆಸ್ಪಿರಿನ್ ಮಾತ್ರೆ ಅಗಿಯಬೇಕು. ಹೆಪ್ಪು ಇನ್ನೂ ದೊಡ್ಡದಾಗದ ಹಾಗೆ ಅದು ತಡೆಯುತ್ತೆ. ಅಗಿದರೆ ಬೇಗ ರಕ್ತಕ್ಕೆ ಸೇರುತ್ತೆ. ಹೊಟ್ಟೆ ಹುಣ್ಣು ಇದ್ದರೆ, ಆಸ್ಪಿರಿನ್ ಮೈಗೆ ಆಗದಿದ್ದರೆ ಮೊದಲೇ ಹೇಳಿಬಿಡಿ.

ಶೀಟಿನ ಮೇಲೆ ಏನು ಬರೆದಿದೆ?

ಮಾತ್ರೆ ಶೀಟಿನ ಮೇಲೆ ಹೆಚ್ಚಾಗಿ ಇಂಗ್ಲಿಷೇ ಇರುತ್ತೆ. ಕನ್ನಡ ಕಲಿತ ನಮಗೆ ಇದು ಅನ್ಯಾಯವೇ. ಆದರೆ ಅಂಕಿ ಓದೋಕೆ ಬಂದರೆ ಅರ್ಧ ಕೆಲಸ ಆಯಿತು. 500, 650 ಅಂತ ಇದ್ದರೆ ಅದು ಔಷಧಿಯ ತೂಕ, ಮಿ.ಗ್ರಾಂ ಲೆಕ್ಕದಲ್ಲಿ. ಇ, ಎಕ್ಸ್, ಪಿ ಅನ್ನುವ ಮೂರು ಅಕ್ಷರದ ಮುಂದೆ ತಿಂಗಳು, ವರ್ಷ ಇರುತ್ತೆ. ಆ ತಿಂಗಳು ಮುಗಿಯುವವರೆಗೆ ಬಳಸಬಹುದು. ಒಂದು ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ನೆಗಡಿಗೆ ಅಂತ ಎರಡು ದಿನ ನುಂಗಿ ಬಿಡುವ ಆಂಟಿಬಯಾಟಿಕ್ ಮೇಲೂ ಈ ಗೆರೆ ಇರುತ್ತೆ. ನೆಗಡಿ ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದೇ ಇಲ್ಲ.

ಅಂಗಡಿಯವರು ಶೀಟು ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟರೆ, ಹೆಸರು ತಾರೀಖು ಇರುವ ತುದಿಯನ್ನು ಕತ್ತರಿಸದೆ ಕೊಡಿ ಅಂತ ಕೇಳಿ. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದರಲ್ಲೂ ಒಳಗಿನ ಔಷಧಿ ಅದೇ. ಹೆಸರಿಗೆ ಕೊಡುವ ದುಡ್ಡು ಉಳಿಯುತ್ತೆ.

ಇನ್ನು ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಯ ಶೀಟು, ನಾಟಿ ಔಷಧಿಯ ಪುಡಿ, ಕಷಾಯದ ಬಾಟಲಿ, ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ. ಬೇರೆ ಆಸ್ಪತ್ರೆಯದು ತೋರಿಸಿದರೆ ಬೈತಾರೆ ಅಂತ ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ. "ಬಿಳೀ ಮಾತ್ರೆ ಕಣ್ ಡಾಕ್ಟ್ರೆ, ದುಂಡುಕ್ಕೈತೆ" ಅಂದರೆ ಯಾವ ಡಾಕ್ಟರಿಗೂ ಗೊತ್ತಾಗಲ್ಲ. ಬಿಳಿ ದುಂಡನೆಯ ಮಾತ್ರೆ ಅಂಗಡಿಯಲ್ಲಿ ಸಾವಿರ ಇವೆ.